ಅವ್ವನಿಗಾಗಿ ಪ್ರಾರ್ಥಿಸಿದ ದ್ವೀಪ

ಅರಬರ ನಾಡಿಗೆ ಹೋಗಿಬಂದವನು ಸಿಕ್ಕರೆ ವಾಡಿಯ ಚಹಾದಂಗಡಿಯಲ್ಲಿ ಜನ ಮೊದಲು ಕೇಳುವುದು ಖರ್ಜೂರದ ಮಾತು. ಆಮೇಲೆ ಒಂಟೆ. ಆಮೇಲೆ ಅಲ್ಲಿಯ ಬಿಸಿಲು ನಮ್ಮ ಬಿಸಿಲಿಗಿಂತ ಹೆಚ್ಚೋ ಕಡಿಮೆಯೋ ಎಂಬ ವಾದ. ಎಲ್ಲಕ್ಕೂ ನಾನು ಉತ್ತರ ಕೊಟ್ಟಿದ್ದೇನೆ. ಆದರೆ ಬಹರೈನ್ ದ್ವೀಪದಲ್ಲಿ ನಾನು ನಿಜವಾಗಿ ಕಂಡದ್ದನ್ನು ಚಹಾದಂಗಡಿಯಲ್ಲಿ ಹೇಳಲು ಬರುವುದಿಲ್ಲ. ನನ್ನ ತಾಯಿ ಸತ್ತು ವರ್ಷ ತುಂಬಿತ್ತು. ಆಕೆ ಬದುಕಿದ್ದಾಳೆಂದು ನಂಬಿದ ಪರದೇಶದ ಜನ ದಿನ ಬೆಳಗಾದರೆ ಆಕೆಯ ಹೆಸರು ಹಿಡಿದು ದೇವರಲ್ಲಿ ಬೇಡಿಕೊಳ್ಳುತ್ತಿದ್ದರು. ಹಾಗೆ ನಂಬಿಸಿದವನು ನಾನು.

ವಾಡಿ ಜಂಕ್ಷನ್

ನಾನು ಸಮುವೇಲಪ್ಪ, ಊರವರ ಬಾಯಲ್ಲಿ ಸಾಮಪ್ಪ, ಶಹಾಬಾದಿನ ಫರಸಿ ಕಲ್ಲು ಕೂಡಿಸುವವನು. ನೆಲಕ್ಕೆ ಹಾಸುವ ಚಪ್ಪಟೆ ಕಲ್ಲಿಗೆ ನಮ್ಮಲ್ಲಿ ಫರಸಿ ಎನ್ನುತ್ತೇವೆ. ಓದಿದ್ದು ನಾಲ್ಕನೆಯ ತರಗತಿ. ಅಪ್ಪ ರೈಲ್ವೆಯಲ್ಲಿದ್ದು ಬೇಗ ತೀರಿಕೊಂಡ. ಅವ್ವ ಎಸ್ತೇರಮ್ಮ ನನ್ನನ್ನೂ ನನಗಿಂತ ದೊಡ್ಡವಳಾದ ಸಾರಕ್ಕನನ್ನೂ ವಾಡಿಯಲ್ಲೇ ಬೆಳೆಸಿದಳು. ಭಾನುವಾರ ಚರ್ಚಿನಲ್ಲಿ ಅವ್ವ ಮುಂದಿನ ಚಾಪೆಯ ಮೇಲೆ ಕೂಡುತ್ತಿದ್ದಳು, ನಾನು ಬಾಗಿಲ ಹತ್ತಿರ. ಪ್ರಾರ್ಥನೆ ಮುಗಿಯುವ ಮೊದಲೇ ಹೊರಗೆ ಹೋಗಲು ಅನುಕೂಲವಾಗಲೆಂದು.

ಸಾರಕ್ಕನಿಗೆ ಮದುವೆಯಾಗಲಿಲ್ಲ. ರೋಗಿಗಳ ಸೇವೆ ಕಲಿತು, ಒಬ್ಬ ನರ್ಸಮ್ಮನ ಜೊತೆ ಬಹರೈನಿನ ಒಂದು ಮಿಷನ್ ದವಾಖಾನೆಗೆ ಆಯಾ ಕೆಲಸಕ್ಕೆ ಹೋದಳು. ಅವಳು ಹೋದ ಮೇಲೆ ಅವ್ವನಿಗೆ ನಾನೇ, ನನಗೆ ಅವ್ವನೇ.

ನಾನು ಚಿಂಚೋಳಿಯಲ್ಲಿ ಒಂದು ಮದುವೆ ಮಂಟಪದ ನೆಲ ಕೂಡಿಸುತ್ತಿದ್ದಾಗ ಅವ್ವ ಜ್ವರದಿಂದ ತೀರಿಕೊಂಡಳು. ನಾನು ಊರಿಗೆ ಬರುವಷ್ಟರಲ್ಲಿ ಮಣ್ಣಾಗಿತ್ತು. ಮೈ ತೊಳೆದು ಸೀರೆ ಉಡಿಸಿದವಳು ಪಕ್ಕದ ಮನೆಯ ನಾಗಮ್ಮ. ಅಕ್ಕನಿಗೆ ಏನೆಂದು ಬರೆಯಬೇಕು? ‘ನೀನಿದ್ದೆಯಲ್ಲ, ಅವ್ವ ಹೇಗೆ ಒಂಟಿಯಾಗಿ ಹೋದಳು?’ ಎಂದು ಕೇಳಿದರೆ? ನಾನು ಬರೆಯಲಿಲ್ಲ. ಪಾದ್ರಿಯವರು ಕೇಳಿದಾಗ ಬರೆದಿದ್ದೇನೆ ಎಂದೆ. ಅಕ್ಕ ಕಾಗದದಲ್ಲಿ ಕೇಳಿದಾಗ ಅವ್ವ ಆರಾಮ ಇದ್ದಾಳೆ ಎಂದು ಉತ್ತರಿಸಿದೆ. ಬರೀ ಆರಾಮ ಎಂದರೆ ಸಂಶಯ ಬಂದೀತೆಂದು, ಮೊಣಕಾಲು ನೋವಿದೆ ಎಂದು ಸೇರಿಸಿದೆ. ಬದುಕಿರುವ ತನಕ ಅವ್ವನ ಮೊಣಕಾಲು ಒಂದು ದಿನವೂ ನೋಯಲಿಲ್ಲ. ಸತ್ತ ಮೇಲೆ ಆ ನೋವು ಕೊಟ್ಟವನು ನಾನು.

ಹೀಗಿರುವಾಗ ದವಾಖಾನೆಯ ಹೆಂಗಸರ ವಾರ್ಡಿನ ಪಡಸಾಲೆಗೆ ಕಲ್ಲು ಹಾಸುವವರು ಬೇಕಾದರು. ನಮ್ಮ ತಮ್ಮನಿದ್ದಾನೆ ಎಂದು ಅಕ್ಕ ಹೇಳಿ ನನ್ನನ್ನು ಕರೆಸಿಕೊಂಡಳು. ಎದುರು ನಿಂತು ಹೇಳಿಬಿಡುತ್ತೇನೆ ಎಂದುಕೊಂಡು ಹೊರಟೆ. ನಾಗಮ್ಮ ದಾರಿಗೆ ಒಣಗಿ ಗಟ್ಟಿಯಾದ ಜೋಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಟ್ಟಳು.

“ಅಕ್ಕಗ ಹೇಳೇ ಬರಬೇಕು ನೋಡು ಸಾಮಪ್ಪ,” ಎಂದಳು. “ಬಾಯಿ ಕಟ್ಕೊಂಡು ತಿರುಗಿ ಬಂದ್ರ ನಮ್ಮನಿ ಹೊಸ್ತಲ ತುಳೀಬ್ಯಾಡ. ಒಂದ್ ವರ್ಷದಿಂದ ನನಗೂ ನಿದ್ದಿ ಇಲ್ಲ.”

ಸ್ಟೇಷನ್ನಿಗೆ ಯಾರನ್ನೂ ಬರಗೊಡಲಿಲ್ಲ. ಒಬ್ಬನೇ ಮುಂಬೈ ಗಾಡಿ ಹತ್ತಿದೆ.

ಹಡಗಿನ ಮೇಲೆ

ಹಡಗಿನಲ್ಲಿ ನಮ್ಮಂಥವರಿಗೆ ಕೋಣೆ ಇರುವುದಿಲ್ಲ. ಮೇಲಿನ ಬಯಲಿನಲ್ಲಿ ಚಾಪೆ ಹಾಸಿ, ತಲೆಯ ಹತ್ತಿರ ಟ್ರಂಕು ಇಟ್ಟುಕೊಂಡರೆ ಅದೇ ಮನೆ. ನನ್ನ ಪಕ್ಕದ ಮನೆಯವರು ಚಿತ್ತಾಪುರದ ದರ್ಜಿ ಖಾಜಾಸಾಹೇಬರು. ವಯಸ್ಸಾದವರು, ಮಗಳ ಮನೆಗೆ ಹೊರಟಿದ್ದರು. ವಾಡಿಯಲ್ಲಿ ನಾನು ಹತ್ತಿದ ಗಾಡಿಯನ್ನೇ ಹತ್ತಿದ್ದರಂತೆ. ಹಡಗು ಹೊರಟ ಸ್ವಲ್ಪ ಹೊತ್ತಿಗೇ ನನ್ನ ಹೊಟ್ಟೆಯೊಳಗಿನದೆಲ್ಲ ಕಡಲ ಪಾಲಾಯಿತು. ಅವರು ನಿಂಬೆಕಾಯಿ ಉಪ್ಪಿನಕಾಯಿ ತಿನ್ನಿಸಿದರು.

“ಕಲ್ಲ ಒಡಿಯೋ ಮನುಷ್ಯಾ ಇಷ್ಟ ಪೊಳ್ಳ ಇರ್ತಾನಂತ ಗೊತ್ತಿರಲಿಲ್ಲ ಬಿಡು. ನೆಕ್ಕು, ನೆಕ್ಕು. ನೀರ ನೋಡಬ್ಯಾಡ.”

ಮಸ್ಕತ್ತಿನ ಆಚೆ ಒಂದು ಮಧ್ಯಾಹ್ನ ಗಾಳಿ ನಿಂತಿತು. ಮರಳಿನ ಧೂಳು ಆಕಾಶ ತುಂಬಿ ಸೂರ್ಯ ಸುಣ್ಣದ ಉಂಡೆಯ ಹಾಗಾದ. ಕಡಲೆಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿಂದ ಎಂಬುದು ತಿಳಿಯುತ್ತಿರಲಿಲ್ಲ. ಶಹಾಬಾದಿನ ಹಳೆಯ ಗಣಿಗಳಲ್ಲಿ ಕಲ್ಲು ತೆಗೆದು ಬಿಟ್ಟ ಮೇಲೆ ಹಸಿರು ನೀರು ನಿಲ್ಲುತ್ತದೆ. ಅದರ ತಳ ಯಾರಿಗೂ ಗೊತ್ತಿರುವುದಿಲ್ಲ, ಮಕ್ಕಳನ್ನು ಹತ್ತಿರ ಬಿಡುವುದಿಲ್ಲ. ಆ ನೀರು ಊರಿನಷ್ಟು ಅಗಲವಾಗಿ ನಮ್ಮನ್ನು ಹೊತ್ತುಕೊಂಡ ಹಾಗಿತ್ತು. ಜನ ತಾವಾಗಿ ಮೆಲ್ಲಗೆ ಮಾತಾಡತೊಡಗಿದರು.

“ಮನ್ಯಾಗ ಯಾರದಾರ?” ಎಂದರು ಖಾಜಾಸಾಹೇಬರು.

“ಅವ್ವ,” ಎಂದೆ. ರೂಢಿಯಾಗಿಹೋಗಿತ್ತು.

“ಹಾಂ, ನೋಡೀನಲ್ಲ. ವಾಡಿ ಸ್ಟೇಷನ್ನಿನ್ಯಾಗ ನಿನ್ನ ಕಿಟಕಿ ತನಕ ಬಂದಿದ್ಲು. ಹಸರ ಸೀರಿ. ಪಾಪ, ಮಣಕಾಲ ಹಿಡಕೊಂಡು ಕುಂಟಕೋತ ಬಂದ್ಲು. ನೀ ಆಕಿ ಕಡಿ ನೋಡ್ಲೇ ಇಲ್ಲ. ತಾಯಿ ಮ್ಯಾಲ ಸಿಟ್ಟ ಮಾಡಬಾರದಪ್ಪ.”

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕುಂಟುವ ಮುದುಕಿಯರಿಗೆ ಬರವಿಲ್ಲ. ಹಸಿರು ಸೀರೆಯೂ ಅಪರೂಪವಲ್ಲ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಾಗಮ್ಮ ಅವ್ವನಿಗೆ ಉಡಿಸಿ ಕಳಿಸಿದ್ದು ಯಾವ ಬಣ್ಣದ ಸೀರೆ ಎಂದು ನಾನು ಎಂದೂ ಕೇಳಿರಲಿಲ್ಲ. ಕೇಳುವ ಧೈರ್ಯ ಆಗಿರಲಿಲ್ಲ.

ದಂಡೆ

ಬಹರೈನಿನ ಸುಂಕದ ಕಟ್ಟೆಯಲ್ಲಿ ನನ್ನ ಉಳಿ ಸುತ್ತಿಗೆಗಳನ್ನು ಯಾರೂ ಕೇಳಲಿಲ್ಲ. ರೊಟ್ಟಿಯ ಗಂಟು ಹಿಡಿದರು. ದುಂಡಗೆ, ಬಿಳಿಯಾಗಿ, ಬಡಿದರೆ ಸದ್ದಾಗುವ ಈ ಹಲಗೆಗಳೇನು? ನಾನು ಕೈಸನ್ನೆಯಿಂದ ತಿನ್ನುವುದನ್ನು ತೋರಿಸಿದೆ. ಅಧಿಕಾರಿ ನಂಬಲಿಲ್ಲ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, ಇನ್ನೊಂದು ಎತ್ತಿಕೊಂಡು ನನ್ನನ್ನು ಬಿಟ್ಟ.

ಸಾರಕ್ಕ ಕಟ್ಟೆಯ ಹೊರಗೆ ನಿಂತಿದ್ದಳು. ತೆಳ್ಳಗಾಗಿದ್ದಳು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಆದರೆ ಮುಖದಲ್ಲಿ ಏನೋ ತಿಳಿಯಾಗಿತ್ತು, ಕೆಸರು ಕೆಳಗೆ ಕುಳಿತ ಕಾಗಿಣಾ ಹೊಳೆಯ ನೀರಿನ ಹಾಗೆ.

“ಸಾಮ್ಯಾ! ಎಷ್ಟ ಸೊರಗಿದ್ಯೋ! ಅವ್ವ ಹೊಟ್ಟಿಗಿ ಹಾಕವಲ್ಲಳೇನು?”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಗಂಟು ಬಿಚ್ಚಿ ಒಂದು ರೊಟ್ಟಿ ಕೈಯಲ್ಲಿ ಹಿಡಿದಿದ್ದಳು. ಅದರ ನಟ್ಟನಡುವೆ ಒಂದು ಬೆರಳಿನ ಗುರುತಿತ್ತು.

“ನೋಡು, ನೋಡು, ಅವ್ವನ ಬೆರಳು!” ಅವಳು ತನ್ನ ಬೆರಳನ್ನು ಆ ಗುಳಿಯಲ್ಲಿ ಇಟ್ಟಳು. “ಬಡದಾದ ಮ್ಯಾಲ ಹಿಂಗ ಒಂದ್ ಒತ್ತು ಒತ್ತತಾಳ. ಮಣಕಾಲ ನೋವಿನ್ಯಾಗ ಒಲಿ ಮುಂದ ಹೆಂಗ ಕುಂತಳೋ ಏನೋ. ಹೌದಿಲ್ಲೋ?”

“ಹೂಂ,” ಎಂದೆ.

ಒಂದೇ ಅಕ್ಷರ. ಊರಿನಿಂದ ಮಾಡಿದ ಸುಳ್ಳು ಕಾಗದದ್ದು, ಇದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದು. ನಾಗಮ್ಮ ರೊಟ್ಟಿ ಬಡಿಯುವುದನ್ನು ಅವ್ವನಿಂದಲೇ ಕಲಿತವಳು, ಗುರುತೂ ಅಲ್ಲಿಂದಲೇ ಬಂದದ್ದು. ಗೊತ್ತಿದ್ದರೂ ಆ ಗುಳಿಯನ್ನು ನೋಡಿ ನನ್ನ ಬೆನ್ನು ತಣ್ಣಗಾಯಿತು.

ಅಕ್ಕ ರೊಟ್ಟಿಯನ್ನು ತಾನೊಬ್ಬಳೇ ತಿನ್ನಲಿಲ್ಲ. ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಹೋಗಿ ಚೂರು ಚೂರು ಹಂಚಿದಳು. ಅಡುಗೆಯವರು, ಕಸಗುಡಿಸುವವರು, ಕಂಪೌಂಡರ್ ಮತ್ತಾಯಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅರಬ್ ಮುದುಕಿ, ಎಲ್ಲರೂ ತಿಂದರು. ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸಿ ಒಂದೇ ಮಾತು ಹೇಳಿದರು. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ, ಆದರೆ ನನಗೆ ತಿಳಿಯಿತು. ಎಸ್ತೇರಮ್ಮ.

ಬೆಳಗಿನ ಹೆಸರುಗಳು

ಆ ದವಾಖಾನೆಯಲ್ಲಿ ಒಂದು ರೂಢಿ ಇತ್ತು. ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಕೆಲಸದವರೆಲ್ಲ ಪಡಸಾಲೆಯಲ್ಲಿ ಸೇರುತ್ತಾರೆ. ಮತ್ತಾಯಿ ಕಣ್ಣು ಮುಚ್ಚಿ ಬಾಯಿಪಾಠವಾಗಿ ಹೆಸರು ಹೇಳುತ್ತಾನೆ. ಮಂಚದ ಮೇಲಿರುವವರು, ದೂರದೂರಿನಲ್ಲಿ ಕಾಯಿಲೆಯಾದವರು. ಪ್ರತಿ ಹೆಸರಿಗೂ ಸ್ವಲ್ಪ ಸುಮ್ಮನಿರುತ್ತಾರೆ. ಗುಣವಾದರೆ ಸ್ತೋತ್ರ ಹೇಳಿ ಹೆಸರು ತೆಗೆಯುತ್ತಾರೆ. ಸತ್ತರೂ ತೆಗೆಯುತ್ತಾರೆ. ನಮ್ಮ ಸಭೆಯಲ್ಲಿ ಸತ್ತವರಿಗಾಗಿ ಬೇಡುವುದಿಲ್ಲ. ಅವರು ಕರ್ತನ ಕೈ ಸೇರಿದರು, ಇನ್ನು ನಮ್ಮ ಶಿಫಾರಸು ಬೇಡ ಎನ್ನುತ್ತಾರೆ. ಇದನ್ನು ಅವ್ವನೇ ನಮಗೆ ಕಲಿಸಿದ್ದಳು.

ಅಂಥ ಜನ ಒಂದು ವರ್ಷದಿಂದ ದಿನವೂ ಅವ್ವನ ಮೊಣಕಾಲಿಗಾಗಿ ಬೇಡುತ್ತಿದ್ದರು. ನಾನು ಕಂಬಕ್ಕೆ ಒರಗಿ ನಿಂತು ಕೇಳಿದೆ. ಎಸ್ತೇರಮ್ಮ ಎಂದು ಮತ್ತಾಯಿ ಹೇಳಿ ನಿಲ್ಲಿಸಿದಾಗ ಉಂಟಾಗುತ್ತಿದ್ದ ಮೌನ ಬೇರೆ ಹೆಸರುಗಳ ಮೌನಕ್ಕಿಂತ ಉದ್ದವೆನಿಸುತ್ತಿತ್ತು. ಯಾರೋ ಬಂದು ನಿಲ್ಲಲಿ ಎಂದು ಜಾಗ ಬಿಟ್ಟ ಹಾಗೆ.

ಅಕ್ಕನನ್ನು ಇಡೀ ದಿನ ನೋಡುತ್ತಿದ್ದೆ. ಹುಣ್ಣು ತೊಳೆಯುತ್ತಾಳೆ, ಮಲದ ಪಾತ್ರೆ ಎತ್ತುತ್ತಾಳೆ, ಒದ್ದೆ ಬಟ್ಟೆ ಹಿಂಡುತ್ತಾಳೆ. ಹಿಂಡುವಾಗ ತುಟಿ ಅಲ್ಲಾಡುತ್ತದೆ.

“ಏನ್ ಗೊಣಗತಿ?” ಎಂದೆ.

“ನಂಗೇನ್ ಮತ್ತಾಯಣ್ಣನಂಗ ಉದ್ದಕ ಪ್ರಾರ್ಥನಿ ಬರ್ತದೇನೋ? ಒಂದ್ ಬಟ್ಟಿ ಹಿಂಡತೀನಿ, ಒಂದ್ ಹೆಸರ ಹೇಳತೀನಿ. ಇಲ್ಲಿಗಿ ಬಂದ ಹೊಸದಾಗ ಭಾಳ ಅತ್ತೆ ತಮ್ಮಾ. ಯಾಕ ಬಂದೆ, ಯಾರಿಗಿ ಬೇಕಾಗೀನಿ ಅಂತ. ಆಮ್ಯಾಲ ಈ ಬಟ್ಟಿ ಹಿಂಡೋದೇ ಕರ್ತಗ ಬೇಕಾಗ್ಯಾದ ಅನ್ನಸ್ತು. ಈಗ ಹಗರ ಅದೀನಿ.” ಮತ್ತೆ ನಕ್ಕಳು. “ಅವ್ವಗ ಒಂದ್ ದೊಡ್ಡ ಚಾದರ ಹಿಂಡತೀನಿ. ಎರಡೂ ಮಣಕಾಲಲ್ಲೇನು?”

ಅವಳ ಹಗುರವನ್ನು ನೋಡಿ ನನಗೆ ಭಯವಾಗುತ್ತಿತ್ತು. ಅದರ ಕೆಳಗೆ ನಾನು ಮಾಡಿದ ಪೊಳ್ಳು ಇತ್ತು. ಹೇಳಿದರೆ ಕಾಲಿಟ್ಟ ನೆಲ ಒಡೆದೀತು ಎಂದು ಇವತ್ತು ಬೇಡ, ನಾಳೆ ಎಂದುಕೊಂಡೆ. ಹೀಗೆ ವಾರಗಳೇ ಹೋದವು.

ಕಡಲಿನ ಕಲ್ಲು

ಅಲ್ಲಿ ನೆಲದಲ್ಲಿ ನಮ್ಮಂಥ ಗಣಿ ಇಲ್ಲ. ಕಡಲು ಇಳಿದಾಗ ನೀರಿನ ತಳದಿಂದಲೇ ಚಪ್ಪಡಿ ಎಬ್ಬಿಸಿ, ಕತ್ತೆಯ ಗಾಡಿಯಲ್ಲಿ ತರುತ್ತಾರೆ. ಬೂದು ಬಣ್ಣ, ಮೈತುಂಬ ಸಣ್ಣ ಕಪ್ಪೆಚಿಪ್ಪು. ನಮ್ಮ ಕೆಲಸದಲ್ಲಿ ಕಲ್ಲು ಕೂಡಿಸಿದ ಮೇಲೆ ಸುತ್ತಿಗೆಯ ಹಿಡಿಯಿಂದ ಮೂಲೆ ಮೂಲೆ ಬಡಿದು ಕೇಳುತ್ತೇವೆ. ಠಣ್ ಎಂದರೆ ಕೆಳಗೆ ಗಾರೆ ತುಂಬಿದೆ. ಡಬ್ ಎಂದರೆ ಪೊಳ್ಳು, ಎಬ್ಬಿಸಿ ಮತ್ತೆ ಕೂಡಿಸಬೇಕು. ಈ ಕಲ್ಲು ಹೇಗೆ ಕೂಡಿಸಿದರೂ ಡಬ್ ಎನ್ನುತ್ತಿತ್ತು. ಎಬ್ಬಿಸಿ ನೋಡಿದರೆ ಕೆಳಗೆ ಗಾರೆ ಸರಿಯಾಗಿಯೇ ಇದೆ. ಕಲ್ಲಿನ ಮೈಯೊಳಗೇ ಕಡಲಿನ ಗಾಳಿ ಇರಬೇಕು.

ಬಿಸಿಲು ನೆತ್ತಿಗೇರಿದಾಗ ಎಲ್ಲರೂ ಒಳಗೆ ಮಲಗುತ್ತಿದ್ದರು. ನಾನೊಬ್ಬ ಪಡಸಾಲೆಯಲ್ಲಿ ಬಡಿಯುತ್ತ ಕುಳಿತಿರುತ್ತಿದ್ದೆ. ಡಬ್. ಸ್ವಲ್ಪ ಸುಮ್ಮನಿದ್ದರೆ, ಹಿಂದೆ ಹಾಸಿಬಂದ ಕಲ್ಲು ಮೆಲ್ಲಗೆ ಡಬ್ ಎನ್ನುತ್ತಿತ್ತು. ಕಲ್ಲು ಬಿಸಿಲಿಗೆ ಹಿಗ್ಗಿದರೆ ಸದ್ದು ಮಾಡುತ್ತದೆ, ಶಹಾಬಾದಿನಲ್ಲೂ ಮಾಡುತ್ತದೆ. ಆದರೆ ಇದು ಒಂದಾದ ಮೇಲೊಂದು ಕಲ್ಲಾಗಿ ಹತ್ತಿರ ಬರುತ್ತಿತ್ತು. ಒಂದು ಸದ್ದು ಜೋರು, ಒಂದು ಮೆಲ್ಲಗೆ. ಒಂದು ಕಾಲು ನೋಯುವವರು ನಡೆದ ಹಾಗೆ. ಹಿಂದೆ ನೋಡಲು ಕತ್ತು ತಿರುಗುತ್ತಿರಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿದ್ದ ಮುದುಕಿಯನ್ನು ಉಮ್ಮ್ ಸಲ್ಮಾನ್ ಎನ್ನುತ್ತಿದ್ದರು, ಸಲ್ಮಾನನ ತಾಯಿ ಎಂದರ್ಥ. ಆಲಿ ಎಂಬ ಹಳ್ಳಿಯ ಕುಂಬಾರರವಳು. ಮಂಚ ಬಾಗಿಲ ಹತ್ತಿರ. ಒಂದು ಮಧ್ಯಾಹ್ನ ನನ್ನನ್ನು ಕೂಗಿ ಏನೋ ಹೇಳಿದಳು. ಅಕ್ಕ ಒಳಗಿನಿಂದ ನಗುತ್ತ ಬಂದಳು.

“ಆ ಮುದುಕೀನ ಬಿಸಲಾಗ ಯಾಕ ನಿಂದ್ರಸೀದಿ ಅಂತ ಕೇಳಲಿಕತ್ತಾಳ. ನಿನ್ನ ಬೆನ್ನ ಹಿಂದ ನಿಂತಾಳಂತ. ಮಣಕಾಲ ಹಿಡಕೊಂಡಾಳಂತ.”

“ಆಕಿಗಿ ಕಣ್ಣ ಕಾಣಂಗಿಲ್ಲಲ್ಲಕ್ಕ.”

“ಅದಕ್ಕೇ ಕಾಣ್ತದ,” ಎಂದು ಅಕ್ಕ ಮುದುಕಿಯ ಹೊದಿಕೆ ಸರಿಮಾಡಿದಳು. “ದಿನಾ ಪ್ರಾರ್ಥನ್ಯಾಗ ಕೇಳತಾಳಲ್ಲ, ಕನಸ ಬಿದ್ದಿರಬೇಕು. ನಾವು ಮುಗಸ್ದಾಗ ತಾನೂ ಆಮೀನ್ ಅಂತಾಳ.”

ನನ್ನ ಬೆನ್ನ ಹಿಂದೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಆದರೆ ಆ ಬೆನ್ನು ಮಾತ್ರ ಬಿಸಿಯಾಗಿರಲಿಲ್ಲ.

ಹೊಗೆಯಾಡುವ ಗೋರಿಗಳು

ಶುಕ್ರವಾರ ಕೆಲಸಕ್ಕೆ ಬಿಡುವು. ಉಮ್ಮ್ ಸಲ್ಮಾನಳ ಬಟ್ಟೆ ತರಲು ಅಕ್ಕ ಆಲಿಗೆ ಹೊರಟಳು, ನನ್ನನ್ನೂ ಕರೆದಳು. “ನಿಮ್ಮ ಶಹಾಬಾದಿನ್ಯಾಗ ಇಂಥಾದ್ ಇಲ್ಲ, ಬಾ.”

ಇರಲಿಲ್ಲ ನಿಜ. ಖರ್ಜೂರದ ತೋಟ ದಾಟಿದ ಮೇಲೆ ಕಣ್ಣು ಹಾಯುವವರೆಗೆ ಮಣ್ಣಿನ ದಿಬ್ಬಗಳು. ಕೆಲವು ನಮ್ಮ ಬಣವೆಯಷ್ಟು, ಕೆಲವು ಎರಡಂತಸ್ತಿನ ಮನೆಯಷ್ಟು. ಎಲ್ಲವೂ ಗೋರಿಗಳು ಎಂದಳು ಅಕ್ಕ. ಯಾವ ಕಾಲದವು, ಯಾರವು, ಯಾರಿಗೂ ಗೊತ್ತಿಲ್ಲ. ಊರಿನ ಹತ್ತಿರದ ದೊಡ್ಡ ದಿಬ್ಬಗಳ ನೆತ್ತಿಯಿಂದ ಹೊಗೆ ಏಳುತ್ತಿತ್ತು. ನಾನು ನಿಂತುಬಿಟ್ಟೆ. ಕುಂಬಾರರು ಗೋರಿಗಳ ಹೊಟ್ಟೆ ತೋಡಿ ಆವಿಗೆ ಮಾಡಿಕೊಂಡಿದ್ದರು. ಒಳಗೆ ಗಡಿಗೆ ಬೇಯುತ್ತಿತ್ತು. ಪಕ್ಕದ ಗೋರಿಯ ನೆರಳಿನಲ್ಲಿ ಸಲ್ಮಾನ್ ಚಕ್ರ ತಿರುಗಿಸುತ್ತಿದ್ದ. ನಮ್ಮನ್ನು ಕಂಡು ಚಾಪೆ ಹಾಸಿ ಖರ್ಜೂರ, ಕಹಿ ಕಾಫಿ ತಂದಿಟ್ಟ.

“ಸತ್ತವರು ಸಿಟ್ಟಾಗಂಗಿಲ್ಲೇನಂತ ಕೇಳಕ್ಕ,” ಎಂದೆ.

ಅಕ್ಕ ಕೇಳಿದಳು. ಅವನು ಕೈ ಒರೆಸಿಕೊಂಡು ಉತ್ತರ ಕೊಟ್ಟ. ಅಕ್ಕ ತಿಳಿಸಿದಳು: “ಸತ್ತವರಿಗಿ ಸುಳ್ಳ ಹೇಳಿದ್ರ ಸಿಟ್ಟಾಗತಾರ, ಬೆಂಕಿ ಹಚ್ಚಿದ್ರ ಅಲ್ಲಂತ. ಚಂದ ಹೇಳ್ದ ನೋಡು.”

ಸಲ್ಮಾನ್ ಮತ್ತೆ ಚಕ್ರಕ್ಕೆ ಹೋದ. ಅಕ್ಕ ಖರ್ಜೂರದ ತಟ್ಟೆ ಮುಂದಿಟ್ಟುಕೊಂಡು ಕಣ್ಣು ಮುಚ್ಚಿದಳು. ಉಣ್ಣುವ ಮುನ್ನ ಹೇಳುವ ಮಾತು ಶುರುಮಾಡಿದಳು. ಕೊಟ್ಟ ಕೈಗಾಗಿ, ಈ ಮನೆಯವರಿಗಾಗಿ. ಆಮೇಲೆ, “ನಮ್ಮವ್ವನ ಮಣಕಾಲು…”

ಗೋರಿಯ ಬಾಯಿಂದ ಹೊಗೆ ನಮ್ಮ ಕಡೆ ಬಾಗಿತು. ನನ್ನ ಪಕ್ಕದಲ್ಲಿ ಚಾಪೆ ಸ್ವಲ್ಪ ತಗ್ಗಿದ ಹಾಗಾಯಿತು, ಯಾರೋ ನೋವಿನಿಂದ ಮೆಲ್ಲಗೆ ಕೂಡಲು ಕೈಯೂರಿದ ಹಾಗೆ.

“ಸಾಕಕ್ಕ,” ಎಂದೆ. “ಅವ್ವನ ಮಣಕಾಲ ಎಂದೂ ನೋಯಲಿಲ್ಲ. ಅವ್ವ ಇಲ್ಲ. ಹೋಗಿ ವರ್ಷ ಆತು.”

ಅಕ್ಕ ಕಣ್ಣು ತೆರೆದಳು. ಚಕ್ರದ ಸದ್ದು ಕೇಳುತ್ತಿತ್ತು.

“ರೊಟ್ಟಿ ಯಾರು ಬಡದ್ರು?”

“ನಾಗಮ್ಮ.”

“ಮೈ ಯಾರು ತೊಳದ್ರು?”

“ನಾಗಮ್ಮನೇ.”

“ಅವ್ವ ನನ್ನ ಕೇಳಿದ್ಲೇನು?”

“ಗೊತ್ತಿಲ್ಲ. ನಾ ಇರಲಿಲ್ಲ. ಚಿಂಚೋಳ್ಯಾಗ ಇದ್ದೆ.”

“ಸುದ್ದಿ ಮುಟ್ಟಲಿಲ್ಲೇನು?”

ಇಲ್ಲಿಯವರೆಗೆ ಯಾರಿಗೂ ಹೇಳದಿದ್ದದ್ದು ಇದೊಂದೇ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು.

“ಮುಟ್ಟಿತ್ತು. ನಾಗಮ್ಮನ ಗಂಡ ಬಸ್ಸ ಹಿಡದು ಬಂದಿದ್ದ. ಅವ್ವಗ ಭಾಳಾಗ್ಯಾದ, ನಡಿ ಅಂದ. ಗಾರಿ ಕಲಿಸೀನಿ, ಬಿಟ್ರ ಕಲ್ಲಾಗತದ, ನಾಳಿ ಬರ್ತೀನಿ ಅಂದೆ. ಗಾರಿ ನೆಪ ಅಕ್ಕ. ಆಕಿ ಸಾಯೋದು ನೋಡಲಿಕ್ಕ ಅಂಜಿದೆ. ಗಾರಿ ಮುಗದ ಮ್ಯಾಲೂ ಅಲ್ಲೇ ಕುಂತೆ.”

ಅಕ್ಕ ಗೋರಿಯ ಹೊಗೆಯ ಕಡೆ ಮುಖ ತಿರುಗಿಸಿದಳು. ಅವಳ ಮುಖದ ತಿಳಿ ಕಲಕಿಹೋಗಿತ್ತು. ಕಲಕಿದವನು ನಾನು.

“ಹಂಗಾದ್ರ ವರ್ಷಪೂರ್ತಿ ನಾವು ಯಾರ ಹೆಸರ ಹೇಳಿದ್ವೋ?” ಎಂದಳು. ನನ್ನನ್ನು ಕೇಳಿದ್ದಲ್ಲ. ಆಮೇಲೆ ಎದ್ದು ಮುದುಕಿಯ ಬಟ್ಟೆಗಂಟು ಎತ್ತಿಕೊಂಡಳು. “ನಾಳಿ ಮುಂಜಾನಿ ನೀನೇ ಎದ್ದು ನಿಂತು ಎಲ್ಲರ ಮುಂದ ಹೇಳಬೇಕು. ನಾ ಹೇಳಂಗಿಲ್ಲ.”

ದಾರಿಯುದ್ದಕ್ಕೂ ಅವಳು ಮುಂದೆ ನಡೆದಳು.

ನಿಂತು ಹೇಳಿದ್ದು

ಮರುದಿನ ಬೆಳಗ್ಗೆ ನಾನೇ ಹಾಸಿದ ಕಲ್ಲಿನ ಮೇಲೆ ನಿಂತೆ. ನನಗೆ ಬರುವಷ್ಟು ಹಿಂದಿಯಲ್ಲಿ ಹೇಳಿದೆ. ಅಮ್ಮ ಇಲ್ಲ. ಸತ್ತು ವರ್ಷವಾಯಿತು. ಮೊಣಕಾಲು ನೋವು ನಾನು ಹೇಳಿದ ಸುಳ್ಳು. ಊರಿನಿಂದ ಕರೆ ಬಂದಾಗ ನಾನು ಹೋಗಲಿಲ್ಲ. ಮತ್ತಾಯಿಯ ಬಾಯಿ ಸ್ವಲ್ಪ ತೆರೆದೇ ಇತ್ತು. ಒಬ್ಬ ಅಡುಗೆಯವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಕ್ಕಿದ್ದರೆ, ಉಗಿದಿದ್ದರೆ ಹಗುರವಾಗುತ್ತಿತ್ತು.

ಉಮ್ಮ್ ಸಲ್ಮಾನ್ ಬಾಗಿಲ ಹತ್ತಿರದ ಮಂಚದಿಂದ ಏನಾಯಿತೆಂದು ಕೇಳಿದಳು. ಯಾರೋ ತಿಳಿಸಿದರು. ಪಟ್ಟಿ ಕಟ್ಟಿದ ಮುಖವನ್ನು ನನ್ನ ಕಡೆಗಲ್ಲ, ನನ್ನ ಹಿಂದಕ್ಕೆ ತಿರುಗಿಸಿ ಅವಳು ನಾಲ್ಕು ಮಾತು ಹೇಳಿದಳು. ಅಕ್ಕ ಅದನ್ನು ನನಗೆ ತಿಳಿಸಲಿಲ್ಲ. ಮತ್ತಾಯಿ ತಿಳಿಸಿದ: ಮೊಣಕಾಲು ನೋವು ಸುಳ್ಳಾದರೆ, ಪಾಪ, ಆಕೆ ಇನ್ನು ಕುಂಟಬೇಕಾಗಿಲ್ಲ.

ಪ್ರಾರ್ಥನೆ ಶುರುವಾಯಿತು. ಹೆಸರುಗಳು ಬಂದವು, ಒಂದೊಂದಕ್ಕೂ ಮೌನ. ಅವ್ವನ ಹೆಸರಿನ ಜಾಗ ಬಂತು. ಮತ್ತಾಯಿ ನಿಲ್ಲಿಸಿದ, ದಾಟಲು ಅವನಿಗೆ ತಿಳಿಯಲಿಲ್ಲ. ವರ್ಷದ ರೂಢಿ. ಆ ಖಾಲಿಯಲ್ಲಿ ಅಕ್ಕನ ದನಿ ಕೇಳಿತು.

“ಸಮುವೇಲಪ್ಪ.”

ಎಲ್ಲರೂ ಸುಮ್ಮನಾದರು. ಅವ್ವನಿಗೆ ಬಿಡುತ್ತಿದ್ದಷ್ಟೇ ಉದ್ದದ ಮೌನ. ಜೀವಂತ ನಿಂತಿರುವಾಗ ಸತ್ತವಳ ಜಾಗದಲ್ಲಿ ನನ್ನ ಹೆಸರು ಕೇಳಿ ನನ್ನ ಮೈಮೇಲೆ ಕೂದಲು ನಿಂತವು. ಆ ಮೌನದಲ್ಲಿ ಯಾರೋ ನನ್ನನ್ನು ತಲೆಯಿಂದ ಕಾಲವರೆಗೆ ಮೆಲ್ಲಗೆ ಬಡಿದು ನೋಡುತ್ತಿದ್ದ ಹಾಗಿತ್ತು, ಎಲ್ಲಿ ತುಂಬಿದೆ, ಎಲ್ಲಿ ಪೊಳ್ಳು ಎಂದು. ಪ್ರಾರ್ಥನೆಯಲ್ಲಿ ನಾನು ಕೊನೆಯವರೆಗೆ ನಿಂತದ್ದು ಅದೇ ಮೊದಲು.

ಗಂಡಸರ ವಾರ್ಡು

ಅಕ್ಕ ನನ್ನನ್ನು ಕ್ಷಮಿಸಿದಳೆಂದು ತಿಳಿಯಬೇಡಿ. ದಿನವೂ ಬೆಳಗ್ಗೆ ನನ್ನ ಹೆಸರು ಹೇಳುತ್ತಿದ್ದಳು, ಆಮೇಲೆ ಇಡೀ ದಿನ ನನ್ನ ಜೊತೆ ಮಾತಿಲ್ಲ. ನೆಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಅವಳು ಪಡಸಾಲೆಗೆ ಬಂದು ನೀರಿನ ಬೋಗುಣಿ, ಬಟ್ಟೆ ನನ್ನ ಮುಂದಿಟ್ಟಳು.

“ಗಂಡಸರ ವಾರ್ಡಿನ್ಯಾಗ ಒಬ್ಬ ಮುದುಕ ಹೋಗಲಿಕತ್ತಾನ. ಮಗಳಿಗಿ ಸುದ್ದಿ ಕಳಿಸ್ಯಾರ, ಆಚೆ ದ್ವೀಪದಿಂದ ದೋಣ್ಯಾಗ ಬರಬೇಕು. ಅಲ್ಲೀತನಕ ಹತ್ರ ಯಾರೂ ಇಲ್ಲ. ತುಟಿ ಒದ್ದಿ ಮಾಡ್ಕೋತ ಕುಂದ್ರು. ಅಂಜಿಕಿ ಬಂದ್ರ ಈಗೇ ಹೇಳು.”

ಅಂಜಿಕೆ ಬಂದಿತ್ತು. ಹೇಳಲಿಲ್ಲ, ಹೋದೆ.

ಮುದುಕ ಹಿಂದೆ ಮುತ್ತಿಗಾಗಿ ಕಡಲಲ್ಲಿ ಮುಳುಗು ಹಾಕುತ್ತಿದ್ದವನಂತೆ. ಎದೆ ಗೂಡಾಗಿತ್ತು, ಕಿವಿ ಕೇಳುತ್ತಿರಲಿಲ್ಲ. ಉಸಿರು ಎಳೆದುಕೊಂಡರೆ ಬಿಡುವುದನ್ನೇ ಮರೆಯುತ್ತಿದ್ದ. ಆ ನಡುವೆ ನಾನೂ ಉಸಿರು ಹಿಡಿದು ಕಾಯುತ್ತಿದ್ದೆ. ತುಟಿ ಒರೆಸಿದೆ. ಅವನ ಕೈ ಮಂಚದ ಮೇಲೆ ಏನನ್ನೋ ತಡಕುತ್ತಿತ್ತು, ನನ್ನ ಕೈ ಕೊಟ್ಟೆ. ಹೊರಗೆ ಧೂಳಿನ ಗಾಳಿ ಎದ್ದು ಕಿಟಕಿ ಹಳದಿಯಾಯಿತು. ಎದ್ದು ಓಡಿಹೋಗಲು ನನ್ನ ಕಾಲುಗಳು ತಾವಾಗಿ ಬಾಗಿಲ ಕಡೆ ತಿರುಗುತ್ತಿದ್ದವು. ಅಕ್ಕನ ಹಾಗೆ ನಾನೂ ಬಟ್ಟೆ ಹಿಂಡಿದೆ. ಅವನ ಹೆಸರು ಗೊತ್ತಿರಲಿಲ್ಲ. ಕರ್ತನೇ, ಇವನು ಎಂದೆ. ಕಾಲು ನಿಂತವು.

ಆಗ ಅವನು ನನ್ನ ಕೈಯನ್ನು ಜಗ್ಗಿದ. ಸ್ವಲ್ಪ ಬಿಟ್ಟು ಮತ್ತೆ ಜಗ್ಗಿ, ಸ್ಪಷ್ಟವಾಗಿ ಒಂದು ಮಾತು ಹೇಳಿದ. ನನಗೆ ಏನೂ ತಿಳಿಯಲಿಲ್ಲ. ತಿಳಿಯದೆಯೇ ಅವನ ಕೈಯನ್ನು ಗಟ್ಟಿಯಾಗಿ ನನ್ನ ಎದೆಯ ಕಡೆಗೆ ಎಳೆದುಕೊಂಡೆ. ಎಳೆದುಕೊಂಡ ಉಸಿರನ್ನು ಅವನು ಬಿಟ್ಟ. ಮತ್ತೆ ಎಳೆದುಕೊಳ್ಳಲಿಲ್ಲ.

ಮಗಳು ಬಂದಾಗ ಅವಳ ಕಪ್ಪು ಹೊದಿಕೆಯ ಅಂಚು ಕಡಲ ನೀರಿನಿಂದ ಒದ್ದೆಯಾಗಿತ್ತು. ಬಾಗಿಲಲ್ಲೇ ತಿಳಿದುಕೊಂಡಳು. ಗೋಡೆ ಹಿಡಿದು ನಿಂತು ಏನೋ ಕೇಳಿದಳು. ಅಕ್ಕ ನನ್ನ ಕಡೆ ತಿರುಗಿದಳು.

“ಕಡೀಕ ಅಪ್ಪ ಏನರೆ ಅಂದ್ನೇನು ಅಂತ ಕೇಳಲಿಕತ್ತಾಳ.”

ಅರ್ಥ ಗೊತ್ತಿಲ್ಲದ ಆ ಮಾತನ್ನು ನಾನು ಬಾಯಲ್ಲೇ ಇಟ್ಟುಕೊಂಡಿದ್ದೆ. ಅವನು ಅಂದ ಹಾಗೆಯೇ ಅಂದೆ. “ಜುರ್ರ್… ಜುರ್ರ್, ಯಾ ವಲದಿ.”

ನನ್ನ ಬಾಯಿಂದ ಬಂದದ್ದು ನನ್ನ ದನಿಯಂತಿರಲಿಲ್ಲ. ಹೆಣ್ಣುಮಗಳು ತಂದೆಯೇ ಕರೆದ ಹಾಗೆ ಬೆಚ್ಚಿ ತಲೆಯೆತ್ತಿದಳು. ಆಮೇಲೆ ಅವಸರ ಅವಸರವಾಗಿ ಇನ್ನೊಂದು ಕೇಳಿದಳು. ಅಕ್ಕ ಅದನ್ನು ನನಗೆ ಬಿಡಿಸಿ ಹೇಳಿದಳು.

“ಎಳಿ, ನನ್ನ ಮಗನ, ಎಳಿ ಅಂದಾನ. ಕಡಲ ತಳಕ್ಕ ಇಳದವರು ಮ್ಯಾಲ ಬರಬೇಕಾದ್ರ ಹಗ್ಗ ಜಗ್ಗತಾರ. ದೋಣ್ಯಾಗ ಇದ್ದವ ಎಳದು ಎತ್ತಬೇಕು.” ಅವಳು ಮಗಳ ಕಡೆ ತಿರುಗಿ ನೋಡಿದಳು. “ನೀ ಎಳದೇನು ಅಂತ ಕೇಳಲಿಕತ್ತಾಳ.”

“ಎಳದೆ ಅಕ್ಕ,” ಎಂದೆ. “ಗೊತ್ತಿಲ್ದ ಎಳದೆ.”

ಅಕ್ಕ ಅದನ್ನು ಅವಳ ಮಾತಿನಲ್ಲಿ ಹೇಳಿದಳು. ಆ ಹೆಣ್ಣುಮಗಳು ನನ್ನ ಬಲಗೈಯನ್ನೇ ನೋಡುತ್ತ ಮಂಚದ ಪಕ್ಕ ನೆಲದ ಮೇಲೆ ಕುಳಿತು, ಆಗ ಅತ್ತಳು.

ಅಕ್ಕ ನನ್ನನ್ನು ತೋಳು ಹಿಡಿದು ಹೊರಗೆ ಕರೆತಂದಳು. ಗಾಳಿ ಇಳಿದಿತ್ತು.

“ಕೈ ತೊಳ್ಕೊಂಡು ಬಾ ಸಾಮ್ಯಾ,” ಎಂದಳು. “ಮುಂಜಾನಿಂದ ಏನೂ ತಿಂದಿಲ್ಲ ನೀ. ಇಬ್ಬರೂ ಉಣ್ಣಮು.”